ಬೀದಿ ಬಾಗಿಲಿನ ಜಪ್ತಿ

1931ರ ಸುಮಾರಿನಲ್ಲಿ ನಾನು ಚನ್ನಪಟ್ಟಣದ ಕಡೆಯ ಒಂದು ಪುರಸಭೆಯಲ್ಲಿ ಬಿಲ್ ಕಲೆಕ್ಟರ್ ಆಗಿದ್ದೆ. ಊರಿನ ಹೆಸರು ಬೇಡ. ಮನೆಕಂದಾಯ ವಸೂಲು ಮಾಡುವುದು, ಕೊಡದವರ ಸಾಮಾನನ್ನು ಜಪ್ತಿ ಮಾಡಿ ಹರಾಜಿಗೆ ತರುವುದು ನನ್ನ ಕೆಲಸ. ಹೊರದೇಶದ ಅಗ್ಗದ ರೇಷ್ಮೆ ಬಂದು ನಮ್ಮ ನೂಲನ್ನು ಕೇಳುವವರೇ ಇರಲಿಲ್ಲ. ವಸೂಲಿ ಎಂದರೆ ಕಲ್ಲಿನಲ್ಲಿ ನಾರು ತೆಗೆಯುವ ಕೆಲಸವಾಗಿತ್ತು. ಮೊದಲ ಜಪ್ತಿಯ ದಿನ ನನಗೆ ಊಟ ಸೇರಿರಲಿಲ್ಲ. ಆಮೇಲೆ ರೂಢಿಯಾಯಿತು.

ಮೆಹಬೂಬ್ ಸಾಬರು ರೇಷ್ಮೆಗೂಡು ಬೇಯಿಸಿ ಚರಕದಲ್ಲಿ ನೂಲು ತೆಗೆಯುವವರು. ಎರಡು ವರ್ಷದ ಕಂದಾಯ, ಒಂಬತ್ತು ರೂಪಾಯಿ ನಾಲ್ಕಾಣೆ ಬಾಕಿಯಿತ್ತು. ನೋಟೀಸಿನ ಗಡುವು ಕಳೆದ ಮೇಲೆ ಇಬ್ಬರು ಜವಾನರೊಂದಿಗೆ ಹೋದೆ. ಒಲೆ ತಣ್ಣಗಿತ್ತು. ಹಾಸಿಗೆ, ಅಡಿಗೆ ಪಾತ್ರೆ, ಚರಕ, ಗೂಡು ಬೇಯಿಸುವ ತಾಮ್ರದ ಬಾನಿ ಬಿಟ್ಟರೆ ಮನೆಯಲ್ಲಿ ಏನೂ ಉಳಿದಿರಲಿಲ್ಲ. ಇವನ್ನೆಲ್ಲ, ಅದರಲ್ಲೂ ಕಸುಬಿನ ಸಲಕರಣೆಯನ್ನು, ಮುಟ್ಟಬಾರದೆಂದು ನಿಯಮ. ಬೀದಿ ಬಾಗಿಲಿನ ಬಗ್ಗೆ ನಿಯಮದಲ್ಲಿ ಒಂದು ಮಾತೂ ಇರಲಿಲ್ಲ. ಹಲಸಿನ ಮರದ ಗಟ್ಟಿ ಬಾಗಿಲು.

ಜವಾನರು ಅದಕ್ಕೆ ಕೈಹಾಕಿದಾಗ ಸಾಬರು ನನ್ನನ್ನು ಪಕ್ಕಕ್ಕೆ ಕರೆದರು.

"ಒಳ್ಗೆ ಮೂರು ಜನ ಹೆಣ್ಮಕ್ಳು ಗೋಷಾದಲ್ಲವ್ರೆ ಸ್ವಾಮಿ, ಪರಗಂಡಸ್ರ ಕಣ್ಣಿಗೆ ಬೀಳೋಂಗಿಲ್ಲ. ಚರಕ ತಗೊಂಡೋಗಿ, ಬಾಗ್ಲು ಬುಟ್ಬುಡಿ."

ಚರಕ ಮುಟ್ಟಿದರೆ ನನ್ನ ಕೆಲಸ ಹೋಗುತ್ತದೆ ಎಂದೆ. ಅದು ನಿಮ್ಮ ಹೊಟ್ಟೆಪಾಡು, ನಿಮಗಾಗಿಯೇ ಸರ್ಕಾರ ಅದನ್ನು ಬಿಟ್ಟಿದೆ ಎಂದೂ ಹೇಳಿದೆ.

"ಹೊಟ್ಟೆ ಹೆಂಗೋ ನಡೀತದೆ. ಮಾನಕ್ಕೆ ಏನ್ ಅಡ್ಡ ಮಡಗ್ಲಿ?"

ಬಾಗಿಲು ಕಳಚಿತು. ಒಳಗಿನವರು ಹೊಸ್ತಿಲಿಗೆ ಸೀರೆಯೊಂದನ್ನು ಅಡ್ಡ ಕಟ್ಟಿದರು. ಗಾಳಿಗೆ ಅದು ನಿಲ್ಲುತ್ತಿರಲಿಲ್ಲ. ಬಳೆ ತೊಟ್ಟ ಕೈಯೊಂದು ಕೆಳಗಿನಿಂದ ಅದರ ಅಂಚನ್ನು ಹಿಡಿದುಕೊಂಡಿತ್ತು. ನನಗೆ ಏನಾದರೂ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಬಾಗಿಲನ್ನು ಗಾಡಿಗೆ ಹೇರಿಸಿ ಮುಂದಿನ ಮನೆಗೆ ಹೋದೆ.

ಹರಾಜಿಗೆ ಮುಂಚೆ ಸಾಬರು ಬಾಕಿಯನ್ನೆಲ್ಲ ತಂದು ಕಟ್ಟಿದರು. ಚರಕವನ್ನು ಹಾಗೆಯೇ ಕೊಳ್ಳುವವರಿಲ್ಲದೆ, ಅದನ್ನೂ ಬಾನಿಯನ್ನೂ ಒಡೆದು ಗುಜರಿಗೆ ತೂಕಕ್ಕೆ ಹಾಕಿದರಂತೆ. ರಸೀದಿ ಕೊಟ್ಟೆ. ಬಾಗಿಲನ್ನು ತಾವೇ ಹೊತ್ತುಕೊಂಡು ಹೋದರು.

ಮುಂದೆ ನೂಲಿನ ಬೆಲೆ ಸ್ವಲ್ಪ ಏರಿತು. ಆ ಬೀದಿಯ ಚರಕಗಳು ಮತ್ತೆ ತಿರುಗಿದವು. ಸಾಬರು ಎದುರು ಮನೆಯವರ ಚರಕದಲ್ಲಿ ಕೂಲಿಗೆ ನೂಲು ತೆಗೆಯುತ್ತಿದ್ದರು. ನನ್ನನ್ನು ಕಂಡಾಗ ಎದ್ದು ನಿಂತು ಸಲಾಂ ಮಾಡುತ್ತಿದ್ದರು. ಅದೊಂದನ್ನು ಮಾತ್ರ ನನಗೆ ತಡೆದುಕೊಳ್ಳಲಾಗುತ್ತಿರಲಿಲ್ಲ.

ಮನುಷ್ಯ ಯಾವುದರಿಂದ ಬದುಕುತ್ತಾನೆ ಎಂಬುದು ನಿಯಮ ಬರೆದವರಿಗೆ ಗೊತ್ತಿತ್ತು. ಯಾವುದಿಲ್ಲದೆ ಬದುಕಲಾರ ಎಂಬುದನ್ನು ಅವನನ್ನೇ ಕೇಳಬೇಕು. ಸಾಬರು ನಾನು ಕೇಳುವ ಮುಂಚೆಯೇ ಹೇಳಿದ್ದರು.