ಆರ್ಡರ್ ಬರೆದುಕೊಳ್ಳದ ಅಣ್ಣ

ಮೊನ್ನೆ ಬೆಳಿಗ್ಗೆ ಹಾಲು ತರಲು ಇಳಿದಾಗ ನಮ್ಮ ಸೊಸೈಟಿಯ ಗೇಟಿನ ಕಂಬದಿಂದ ಮೈದಾ ಅಂಟಿನ ಹುಳಿವಾಸನೆ ಬಂತು. ಮಹಾನಗರಪಾಲಿಕೆಯ ನೋಟಿಸು, ಅಂಟು ಇನ್ನೂ ಹಸಿಯಾಗಿತ್ತು. ಅದನ್ನು ಓದುವ ಮೊದಲೇ ಎದುರುಮನೆಯ ಅಣ್ಣ ನೆನಪಾದರು. ಕೆಲ ವರ್ಷಗಳ ಹಿಂದಿನ ನೋಟಿಸನ್ನೂ ಪಾಲಿಕೆಯವರು ಇದೇ ಕಂಬಕ್ಕೆ ಅಂಟಿಸಿದ್ದರು. ಅದರ ಮುಂದೆ ಅಣ್ಣ ಹೆಗಲ ಮೇಲೆ ಒಂದು ಬಟ್ಟೆ ಹಾಕಿಕೊಂಡು ನಿಂತಿದ್ದರು... ಅಥವಾ ಆ ಬಟ್ಟೆಯನ್ನು ನಾನೇ ಆಮೇಲೆ ಸೇರಿಸಿಕೊಂಡೆನೋ ಏನೋ. ಎಷ್ಟೋ ವರ್ಷಗಳಿಂದ ಡೈರಿ ಬರೆಯುತ್ತಿರುವ ನನಗೆ ನೆನಪಿನ ಮೇಲೆ ಪೂರ್ತಿ ವಿಶ್ವಾಸವಿಲ್ಲ.

ಅವರು ಠಾಣೆ ಶಹರದ ಒಂದು ನಾಕಾದ, ಅಂದರೆ ಚೌಕದ, ಬಳಿ ಉಡುಪಿ ಹೋಟೆಲಿನಲ್ಲಿ ಮೊಣಕಾಲು ಸೋಲುವವರೆಗೂ ಸಪ್ಲೈಯರ್ ಆಗಿದ್ದರು. ಹೋಟೆಲಿನವರನ್ನೆಲ್ಲ ಇಲ್ಲಿಯ ಮರಾಠಿ ಜನ ಅಣ್ಣಾ ಎಂದೇ ಕರೆಯುವುದು, ಧಾರವಾಡದಿಂದ ಬಂದ ನಾನೂ ಹಾಗೆಯೇ ಕರೆದೆ. ನಾನು ಕಲಿಸುತ್ತಿದ್ದ ಕಾಲೇಜಿನಿಂದ ಬರುವಾಗ ಒಮ್ಮೆ ಆ ಹೋಟೆಲಿಗೆ ಹೋಗಿದ್ದೆ. ಎಂಟು ಟೇಬಲಿನವರು ಹೇಳಿದ್ದನ್ನೆಲ್ಲ ಅವರು ಒಂದೇ ಉಸಿರಿನಲ್ಲಿ ಅಡುಗೆಮನೆಗೆ ಕೂಗಿ ಹೇಳಿದರು. ಈರುಳ್ಳಿ ಬೇಡ ಎಂದವರಿಗೆ ಈರುಳ್ಳಿ ಇಲ್ಲದ್ದೇ ಬಂತು.

"ಅಣ್ಣಾ, ಬರ್ಕೊಳ್ದ ಹೆಂಗ ನೆನಪಿಡ್ತೀರಿ?" ಎಂದು ಕೇಳಿದ್ದೆ.

"ಬರ್ದ್ರೆ ಮರ್ತು ಹೋಗ್ತದೆ ಟೀಚರೇ," ಎಂದಿದ್ದರು.

ನಮ್ಮದು ಡೊಂಬಿವಲಿ ಎಂಐಡಿಸಿಯ, ಅಂದರೆ ಮುಂಬಯಿ ಪಕ್ಕದ ಕೆಮಿಕಲ್ ಕಾರ್ಖಾನೆಗಳ ಪ್ರದೇಶದ, ವಸತಿ ವಿಭಾಗ. ಕಟ್ಟಡಗಳ ಹಿಂದೆ ಒಂದು ಖಾಲಿ ಜಾಗವಿದೆ. ಎರಡು ದೊಡ್ಡ ಮರ, ಒಂದು ಸಿಮೆಂಟ್ ಬೆಂಚು, ಅಷ್ಟೇ. ನಗರದ ನಕ್ಷೆಯಲ್ಲಿ ಅದು ಆಟದ ಮೈದಾನ. ಆ ವರ್ಷ ಪಾಲಿಕೆಯ ಸಭೆ ಅಲ್ಲಿ ಶಾಪಿಂಗ್ ಕಾಂಪ್ಲೆಕ್ಸ್ ಕಟ್ಟಲು ಒಪ್ಪಿಗೆ ಕೊಟ್ಟು, ಆಕ್ಷೇಪಣೆ ಇದ್ದವರು ಒಂದು ತಿಂಗಳೊಳಗೆ ಬರೆದು ಕೊಡಿ ಎಂದು ನೋಟಿಸು ಹಚ್ಚಿತು.

ಓದಿದವಳೆಂದು ಆಕ್ಷೇಪಣೆ ಬರೆಯುವ ಕೆಲಸ ನನಗೆ ಬಂತು. ಒಳ್ಳೆಯ ಮರಾಠಿಯಲ್ಲಿ, ಕಾಯ್ದೆಯ ಕಲಮುಗಳನ್ನು ಹಾಕಿ ಒಂದು ಪತ್ರ ಬರೆದೆ. ಅದನ್ನೇ ಝೆರಾಕ್ಸ್ ಮಾಡಿಸಿ ಎಲ್ಲರಿಂದ ಸಹಿ ಹಾಕಿಸಿದೆವು. ಪಾಲಿಕೆ ಕಚೇರಿಯ ಗುಮಾಸ್ತ ಕಟ್ಟನ್ನು ಹೆಬ್ಬೆರಳಿನಿಂದ ಸರ್ರನೆ ಸರಿಸಿ, "ಸಗಳೇ ಏಕಚ್, ಮ್ಯಾಡಮ್" ಎಂದ. ಎಲ್ಲ ಒಂದೇ. ಒಂದೇ ಥರದವು ಎಷ್ಟಿದ್ದರೂ ಒಂದೇ ಆಕ್ಷೇಪಣೆಯಂತೆ. ನನ್ನ ಒಳ್ಳೆಯ ಮರಾಠಿಯಿಂದ ಇಡೀ ಸೊಸೈಟಿ ಒಬ್ಬನೇ ಮನುಷ್ಯನಾಗಿ ಕುಗ್ಗಿತ್ತು. ತಿಂಗಳು ಮುಗಿಯಲು ಒಂದು ವಾರವೂ ಉಳಿದಿರಲಿಲ್ಲ.

ಸೊಸೈಟಿಯ ಮೀಟಿಂಗಿನಲ್ಲಿ ಎಲ್ಲರೂ ನನ್ನ ಕಡೆ ನೋಡದ ಹಾಗೆ ನೋಡುತ್ತಿದ್ದರು. ಎಂದೂ ಮಾತಾಡದ ಅಣ್ಣ ಹಿಂದಿನ ಕುರ್ಚಿಯಿಂದ ಎದ್ದರು. "ಟೀಚರು ಎಲ್ಲರಿಗೂ ಒಂದೇ ರೈಸ್‌ಪ್ಲೇಟ್ ಕೊಟ್ಟಿದ್ದಾರೆ ಮಾರಾಯ್ರೆ. ಒಬ್ಬೊಬ್ರಿಗೆ ಏನು ಬೇಕು ಅಂತ ಯಾರೂ ಕೇಳ್ಲಿಲ್ಲ," ಎಂದರು. ಎಲ್ಲರೂ ನಕ್ಕರು. ನನಗೆ ಕೋಪ ಬಂತು. ಬಂತು ಎಂದು ಡೈರಿಯಲ್ಲಿಯೂ ಇದೆ.

ಮರುದಿನದಿಂದ ಅವರು ಆ ಮೊಣಕಾಲಿನಲ್ಲೇ ಮಹಡಿ ಮಹಡಿ ಹತ್ತಿದರು. ಪ್ರತಿ ಬಾಗಿಲಲ್ಲಿ ನಿಂತು ಒಂದೇ ಪ್ರಶ್ನೆ: ಆ ಜಾಗ ನಿಮಗೆ ಯಾಕೆ ಬೇಕು? ಸಂಜೆ ನಮ್ಮ ಮನೆಗೆ ಬಂದು ಕಣ್ಣು ಮುಚ್ಚಿ ಕೂತು ಒಂದೊಂದಾಗಿ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಬಿ ವಿಂಗಿನ ವಿಧವೆಯೊಬ್ಬರು ಹೇಳಿದ್ದು: ಕಂಪನಿ ಕಡೆಯಿಂದ ಗ್ಯಾಸಿನ ವಾಸನೆ ಬಂದಾಗ ನಾವೆಲ್ಲ ಇಳಿದು ಅಲ್ಲಿ ನಿಲ್ಲುತ್ತೇವೆ, ಇನ್ನು ಎಲ್ಲಿ ನಿಲ್ಲುವುದು? ಮೂಲೆಯ ಕಿರಾಣಿ ಅಂಗಡಿಯವನು ನೇರವಾಗಿಯೇ ಹೇಳಿದ್ದ, ಕಾಂಪ್ಲೆಕ್ಸ್ ಬಂದರೆ ನನ್ನ ಅಂಗಡಿ ಮುಚ್ಚುತ್ತದೆ. ಎ ವಿಂಗಿನ ಗೃಹಿಣಿಯದು ಇನ್ನೊಂದು: ನಮ್ಮ ಯಜಮಾನರು ಸಂಜೆ ಅಲ್ಲಿ ನಾಲ್ಕು ಸುತ್ತು ಹಾಕದೆ ಬಂದರೆ ಮನೆಯಲ್ಲಿ ಜಗಳ.

"ಇದನ್ನೂ ಬರೀಬೇಕಾ?" ಎಂದೆ.

"ಆರ್ಡರ್ ಕೊಟ್ಟದ್ದು ಅವ್ರು. ನಾವು ಬದಲು ಮಾಡ್ಲಿಕ್ಕುಂಟಾ?"

ಕೊನೆಯ ದಿನ ಆ ಪತ್ರಗಳಿಗೆಲ್ಲ ಬೇರೆಬೇರೆ ಇನ್‌ವರ್ಡ್ ಸಿಕ್ಕೆ, ಸ್ವೀಕೃತಿಯ ಮೊಹರು, ಬಿತ್ತು.

ವಿಚಾರಣೆ ಕೆಲಸದ ದಿನವೇ ಇತ್ತು. ಗಂಡಸರು ಶಿಫ್ಟಿನಲ್ಲಿ, ಹೆಂಗಸರು ಕೆಲಸಕ್ಕೆ ಹೋಗುವ ಲೋಕಲ್ ರೈಲಿನಲ್ಲಿ. ಪಾಲಿಕೆಯ ಹಾಲಿನಲ್ಲಿ ನಾವು ಇದ್ದದ್ದು ಏಳೆಂಟು ಜನ. ಹೆಸರು ಕರೆಯುತ್ತ ಹೋದರು, ಉತ್ತರವಿಲ್ಲ. ಬಾರದವರ ಆಕ್ಷೇಪಣೆ ಕೈಬಿಡಿ ಎಂದು ಅಧಿಕಾರಿ ಗುಮಾಸ್ತನಿಗೆ ಹೇಳಿದರು. ಪೆನ್ನಿನ ಗೀಟು ಬೀಳುವ ಸದ್ದು ನನಗೆ ಕೇಳಿಸಿತು, ಅಥವಾ ಕೇಳಿಸಿತು ಎಂದುಕೊಂಡೆ.

ಅಣ್ಣ ಎದ್ದು ಮೇಜಿನ ಹತ್ತಿರ ಹೋದರು. ಹೋಟೆಲಿನ ಮರಾಠಿಯಲ್ಲಿ, ಇವರೆಲ್ಲ ಕೆಲಸಕ್ಕೆ ಹೋಗಿದ್ದಾರೆ, ನನ್ನ ಹತ್ತಿರ ಹೇಳಿ ಕಳಿಸಿದ್ದಾರೆ, ಹೇಳಲಾ ಎಂದು ಕೇಳಿದರು. ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಅಧಿಕಾರಿಗೆ ನಗು ಬಂತು. ಕಟ್ಟಿನ ನಡುವಿನಿಂದ ಒಂದು ಹಾಳೆ ಎಳೆದು, "ಬೋಲಾ ಬಾಬಾ. ಸಿ ವಿಂಗ್, ತೀನ್‌ಶೆ ದೋನ್?" ಎಂದರು.

ಮುನ್ನೂರ ಎರಡು. ಅಣ್ಣ ಕಣ್ಣು ಮುಚ್ಚಿದರು. "ಮಗಳು ಸೈಕಲ್ ಕಲಿತಿದ್ದಾಳೆ, ಇನ್ನೂ ಬ್ರೇಕ್ ಹಿಡಿಲಿಕ್ಕೆ ಬರುದಿಲ್ಲ, ರಸ್ತೆಗೆ ಕಳಿಸ್ಲಿಕ್ಕೆ ಹೆದರಿಕೆ." ಇದನ್ನು ಅವರು ಹೇಳಿದ್ದು ಮರಾಠಿಯಲ್ಲಿ, ನನ್ನ ಕಿವಿಯಲ್ಲಿ ಉಳಿದದ್ದು ಕನ್ನಡದಲ್ಲಿ. ಅಧಿಕಾರಿ ಹಾಳೆ ನೋಡಿದರು, ಇನ್ನೊಂದು ಎಳೆದರು. ಅದಕ್ಕೂ ಉತ್ತರ. ಇನ್ನೊಂದು... ಆಮೇಲೆ ಅವರು ಹಾಳೆ ಎಳೆಯುವುದನ್ನು ನಿಲ್ಲಿಸಿದರು. ಅಣ್ಣ ಎ ವಿಂಗಿನ ನೆಲಮಹಡಿಯಿಂದ ಶುರು ಮಾಡಿ ಬಾಗಿಲು ಬಾಗಿಲಾಗಿ ಹೇಳುತ್ತ ಹೋದರು. ಬೆರಳು ಮೇಜಿನ ಅಂಚನ್ನು ತಟ್ಟೆ ಇಟ್ಟ ಹಾಗೆ ಒಂದೊಂದು ಸಲ ಮುಟ್ಟುತ್ತಿತ್ತು. ಜಗಳದ ಮಾತು ಬಂದಾಗ ಗುಮಾಸ್ತ ನಕ್ಕ, ಗ್ಯಾಸಿನ ಮಾತು ಬಂದಾಗ ಅವನೇ ಪೆನ್ನು ಕೆಳಗಿಟ್ಟ. ಹಾಲಿನಲ್ಲಿ ಇಲ್ಲದ ಜನ ಒಬ್ಬೊಬ್ಬರಾಗಿ ಒಳಗೆ ಬಂದು ನಿಂತಂತಾಯಿತು. ಆ ಹೊತ್ತಿನಲ್ಲಿ ನನಗಾದದ್ದಕ್ಕೆ ಬೇರೆ ಹೆಸರು ತಿಳಿಯದೆ ಬೆರಗು ಎನ್ನುತ್ತೇನೆ. ಗುಮಾಸ್ತ ಗೀಟು ಎಳೆದ ಹೆಸರುಗಳನ್ನು ಮತ್ತೆ ಬರೆದುಕೊಂಡ.

ಕೊನೆಗೆ ಅಧಿಕಾರಿ, "ತುಮ್ಚ ಕಾಯ್, ಬಾಬಾ?" ಎಂದರು. ನಿಮ್ಮದೇನು?

ಅಣ್ಣ ಕಣ್ಣು ತೆರೆದರು. "ನಂದಾ? ನಾನು ಸಪ್ಲೈಯರ್ ಸಾಹೇಬ್," ಎಂದು ಬಂದು ಕೂತರು.

ಅಷ್ಟು ಸಂಜೆ ನನ್ನ ಮೇಜಿನ ಮುಂದೆ ಕೂತವರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಅವರ ಹೆಂಡತಿ, ನಾನು ಅತ್ತಿಗೆ ಎನ್ನುತ್ತಿದ್ದವರು, ಪಾರ್ಶ್ವವಾಯು ಹೊಡೆದ ಮೇಲೆ ಗಂಡನ ತೋಳು ಹಿಡಿದು ಆ ಜಾಗದಲ್ಲಿಯೇ ಮತ್ತೆ ನಡೆಯಲು ಕಲಿಯುತ್ತಿದ್ದರು. ಗೇಟಿನಿಂದ ಬೆಂಚಿನವರೆಗೆ ಹೋಗಬೇಕೆಂಬುದು ಅವರಿಬ್ಬರ ಗುರಿ. ದಿನವೂ ನನ್ನ ಅಡುಗೆಮನೆ ಕಿಟಕಿಯಿಂದ ಅದನ್ನು ನೋಡುತ್ತಿದ್ದವಳು ನಾನು.

ಹಿಂತಿರುಗುವಾಗ ಲೋಕಲ್ಲಿನಲ್ಲಿ ಕೇಳಿದೆ. "ನಿಮ್ಮದು ಬರದು ಕೊಡಬೇಕಿತ್ತಲ್ರೀ ಅಣ್ಣಾ."

"ಎಲ್ಲರದ್ದೂ ಆದ ಮೇಲಲ್ವಾ ನಾವು ಉಣ್ಣುದು. ಉಂಟಲ್ಲ ಟೈಮು," ಎಂದರು.

ಕಾಂಪ್ಲೆಕ್ಸ್ ಬರಲಿಲ್ಲ. ಅಣ್ಣನಿಂದಲೇ ಎಂದು ನಾನು ಹೇಳಲಾರೆ. ಗುತ್ತಿಗೆದಾರನಿಗೇ ಏನೋ ತೊಂದರೆಯಾಯಿತು ಎನ್ನುವವರೂ ಇದ್ದಾರೆ. ಅಣ್ಣ ಅಂದು ಎಷ್ಟು ಮನೆಗಳ ಮಾತು ಹೇಳಿದರು ಎಂಬುದೂ ಖಚಿತವಿಲ್ಲ. ನಾನು ಅರವತ್ತು ಎನ್ನುತ್ತೇನೆ, ಜೊತೆಗೆ ಬಂದಿದ್ದ ನೆರೆಯಾಕೆ ಇಪ್ಪತ್ತು ಎನ್ನುತ್ತಾಳೆ. ಡೈರಿ ತೆಗೆದು ನೋಡಿದೆ. "ವಿಚಾರಣೆ. ವಿಪರೀತ ಸೆಕೆ. ಅಣ್ಣ ಮಾತಾಡಿದರು." ಇಷ್ಟೇ ಇದೆ. ಅಣ್ಣ ಹೇಳಿದ್ದು ಸರಿಯಿತ್ತು, ಬರೆದದ್ದರಲ್ಲೇ ಎಲ್ಲ ಮರೆತುಹೋಗಿದೆ.

ಅತ್ತಿಗೆ ಒಂದು ಸಂಜೆ ಬೆಂಚು ಮುಟ್ಟಿದರು. ಅದನ್ನು ಕಿಟಕಿಯಿಂದ ನೋಡಿದ್ದೇನೆ, ಇದರಲ್ಲಿ ಅನುಮಾನವಿಲ್ಲ. ಮುಂದಿನ ಮಳೆಗಾಲ ಅವರು ತೀರಿಹೋದರು. ಅಣ್ಣ ಇನ್ನೆರಡು ವರ್ಷ ಅದೇ ಬೆಂಚಿನ ಮೇಲೆ ಕೂತಿದ್ದು, ಅವರೂ ಹೋದರು.

ಈಗ ಮತ್ತೆ ಅದೇ ಜಾಗ, ಅದೇ ಶಾಪಿಂಗ್ ಕಾಂಪ್ಲೆಕ್ಸ್. ನಿನ್ನೆ ನೋಟ್‌ಬುಕ್ ಹಿಡಿದು ನಾನೇ ಮಹಡಿ ಹತ್ತಿದೆ. ಎದುರುಮನೆಗೆ ಬಂದಿರುವ ಹೊಸ ಹುಡುಗಿ, "ಆಂಟಿ, ವಾಟ್ಸ್ಯಾಪ್ ಪೆ ಫಾರ್ಮ್ ಭೇಜೋ ನಾ, ಸಬ್ ಸೈನ್ ಕರ್ ದೇಂಗೆ," ಎಂದಳು. ಫಾರ್ಮು ಕಳಿಸಿದರೆ ಎಲ್ಲರೂ ಸಹಿ ಹಾಕುತ್ತಾರಂತೆ. ಎಲ್ಲರದ್ದೂ ಒಂದೇ ಆಗಬಾರದು, ನಿನ್ನದು ಹೇಳು ಎಂದು ಅಲ್ಲಿಯೇ ನಿಂತೆ. ಸ್ವಲ್ಪ ಯೋಚಿಸಿ ಹೇಳಿದಳು. ನೋಟ್‌ಬುಕ್ ತೆರೆಯದೆ ನೆನಪಿಟ್ಟುಕೊಳ್ಳಲು ನೋಡಿದೆ. ಮೂರನೆಯ ಬಾಗಿಲಿಗೆ ಬರುವಷ್ಟರಲ್ಲಿ ಮೊದಲನೆಯದು ಕಲಸಿಹೋಗಿತ್ತು.

ಮನೆಗೆ ಬಂದು ಎಲ್ಲಕ್ಕಿಂತ ಮೊದಲು ಬರೆದದ್ದು ಅಣ್ಣನದು. ನನ್ನ ಹೆಂಡತಿ ಗೇಟಿನಿಂದ ಬೆಂಚಿನವರೆಗೆ ನಡೆಯಬೇಕಾಗಿದೆ, ದಯವಿಟ್ಟು ಜಾಗ ಬಿಡಿ. ಅವರು ಹೀಗೇ ಹೇಳುತ್ತಿದ್ದರೋ ಇಲ್ಲವೋ, ಕೇಳಬೇಕಾದಾಗ ನಾನು ಕೇಳಲಿಲ್ಲ. ಕೆಳಗೆ ಸಹಿಯ ಜಾಗ ಖಾಲಿಯಿದೆ. ಪಾಲಿಕೆಯವರು ಅದಕ್ಕೆ ಸಿಕ್ಕೆ ಹೊಡೆಯುವುದಿಲ್ಲ. ಡೈರಿಯಲ್ಲಿ ಸೆಕೆ ಎಂದು ಬರೆದ ಆ ಪುಟದಲ್ಲಿ ಮಡಚಿ ಇಟ್ಟಿದ್ದೇನೆ.