ಬಾಗಿಲೆತ್ತರದ ಎರಡು ಸ್ಪೀಕರು

ಮೂಡಿಗೆರೆಯಲ್ಲಿ ನನ್ನದೊಂದು ರೇಡಿಯೊ, ಟೀವಿ ರಿಪೇರಿ ಅಂಗಡಿ. ಅದರ ಮೇಲಿನ ಒಂದೇ ಕೋಣೆಯಲ್ಲಿ ನನ್ನ ವಾಸ. ಮದುವೆಯಾಗಲಿಲ್ಲ, ಯಾಕೆ ಅಂತ ಕೇಳುತ್ತಿದ್ದವರೂ ಸುಸ್ತಾಗಿ ಬಿಟ್ಟುಬಿಟ್ಟಿದ್ದಾರೆ. ಸಂಜೆ ಶಟರ್ ಎಳೆದ ಮೇಲೆ ನನಗಿದ್ದ ಜೊತೆ ಅಂದರೆ ಎರಡು ಹಳೇ ಸ್ಪೀಕರು.

ಅವು ಸಿಕ್ಕಿದ್ದು ಅತ್ತಿಗುಂಡಿ ಕಡೆಯ ಒಂದು ಎಸ್ಟೇಟ್ ಬಂಗಲೆಯಲ್ಲಿ. ಬಂಗಲೆಯನ್ನು ಹೋಂಸ್ಟೇ ಮಾಡುತ್ತಿದ್ದರು. "ಇವನ್ನ ತಗೊಂಡು ಹೋಗಿ ಮಾರಾಯ್ರೆ, ಎರಡು ಮಂಚದ ಜಾಗ ತಿಂತಾವೆ" ಎಂದರು ಎಸ್ಟೇಟಿನ ಸಾಹುಕಾರರು. ಅಯ್ಯೋ, ಅವರಿಗೇನು ಗೊತ್ತು! ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರನ್ನು ನಾನು ಪುಸ್ತಕದಲ್ಲಿ ನೋಡಿದ್ದೆನೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಬಾಗಿಲಿನಷ್ಟು ಎತ್ತರ. ಡಬ್ಬವೂ ಇಲ್ಲ, ಕಾಗದದ ಕೋನೂ ಇಲ್ಲ. ತೂತು ತೂತಿನ ಎರಡು ತಗಡುಗಳ ನಡುವೆ ಈರುಳ್ಳಿ ಪೊರೆಗಿಂತ ತೆಳುವಾದ ಒಂದು ಹಾಳೆ. ಕರೆಂಟಿನ ಸೆಳೆತಕ್ಕೆ ಅದು ಅದುರುತ್ತದೆ, ಅಷ್ಟೇ.

ಮೊದಲ ಸಂಜೆ ಒಬ್ಬ ಗಾಯಕಿಯ ಹಳೇ ರೆಕಾರ್ಡ್ ಹಾಕಿದೆ. ದನಿ ಸ್ಪೀಕರಿನಿಂದ ಬರುತ್ತಿದೆ ಅನ್ನಿಸಲೇ ಇಲ್ಲ. ಆಕೆ ಕಿಟಕಿಯ ಮುಂದೆ, ನನ್ನ ಎದುರಿಗೇ ಕೂತಿದ್ದಳು. ತಂಬೂರಿಯ ತಂತಿಗಳು ಒಂದೊಂದೂ ಬೇರೆಯಾಗಿ ಕೇಳುತ್ತಿದ್ದವು. ಮೃದಂಗದ ಎಡಭಾಗದ ದಪ್ಪ ನಾದ ಸ್ವಲ್ಪ ಬಡವಾಗಿತ್ತು, ಒಪ್ಪಿದೆ. ಆದರೆ ಬಲಗಡೆ ಬೆರಳು ಚರ್ಮಕ್ಕೆ ತಾಗಿದ್ದು, ಬಿಟ್ಟಿದ್ದು ಎರಡೂ ಗೊತ್ತಾಗುತ್ತಿತ್ತು. ಇದೆಲ್ಲ ನಡುವಿನ ಕುರ್ಚಿಯಲ್ಲಿ ಕೂತವರಿಗೆ ಮಾತ್ರ; ಪಕ್ಕಕ್ಕೆ ಸರಿದರೆ ಅರ್ಧಕ್ಕರ್ಧ ಮಾಯ. ನನಗೇನು, ಕೂರಲು ಇನ್ನೊಬ್ಬರಿದ್ದರೆ ತಾನೆ!

ಎರಡು ವರ್ಷದಿಂದ ದನಿ ಮಂಕಾಗತೊಡಗಿತ್ತು, ತಂಬೂರಿಗೆ ಕಂಬಳಿ ಹೊದಿಸಿದ ಹಾಗೆ. ನಮ್ಮ ಕಡೆ ಚಪ್ಪಲಿಗೆ ಬೂಷ್ಟು ಬಂದರೂ ತಪ್ಪು ಥಂಡಿಯದು, ಬಾಗಿಲು ಉಬ್ಬಿ ಹಿಡಿದುಕೊಂಡರೂ ಥಂಡಿಯದು. ನಾನೂ ಥಂಡಿಯನ್ನೇ ಬೈದೆ. ಸ್ಪೀಕರಿನ ಹಿಂದೆ ಬಲ್ಬು ಉರಿಸಿಟ್ಟೆ. ಕಾಫಿ ಒಣಗಿಸುವ ಹಾಗೆ ತಾರಸಿಯಲ್ಲಿ ಚಾಪೆ ಹಾಸಿ ಬಿಸಿಲಿಗೆ ಮಲಗಿಸಿದೆ. ಊಹೂಂ! ಹಾಳೆಯೇ ಹೋಗಿದೆ, ಅಂಥದ್ದು ಈಗ ಎಲ್ಲೂ ಸಿಗುವುದಿಲ್ಲ ಎಂದುಕೊಂಡಾಗ ನಿಜಕ್ಕೂ ಭಯವಾಯಿತು. ಇವೂ ಇಲ್ಲದಿದ್ದರೆ ಸಂಜೆಗಳನ್ನು ಕಳೆಯುವುದು ಹೇಗೆ?

ಈ ಫೆಬ್ರವರಿಯಲ್ಲಿ ಹೊರನಾಡಿನಿಂದ ಅಕ್ಕ ಡಾಕ್ಟರಿಗೆ ಹಲ್ಲು ತೋರಿಸಲು ಬಂದಳು. ದೇವಸ್ಥಾನದ ಹತ್ತಿರ ಅವಳದು ಹಣ್ಣುಕಾಯಿ ಅಂಗಡಿ. ಗಿರಾಕಿ ಬಿಟ್ಟು ಹೊರಡುವವಳೇ ಅಲ್ಲ. "ಇದೆಂತದಾ, ಯಾರ ಮನೆ ಬಾಗ್ಲು ಕಿತ್ತು ತಂದಿಟ್ಟಿದೀಯ?" ಎನ್ನುತ್ತಾ ಕುರ್ಚಿಯಲ್ಲಿ ಧೊಪ್ಪನೆ ಕೂತಳು. ಪೂರ್ತಿ ಕೆಡುವ ಮುಂಚೆ ಅವಳೂ ಒಮ್ಮೆ ಕೇಳಲಿ ಎಂದು ಅದೇ ರೆಕಾರ್ಡ್ ಹಾಕಿದೆ. "ಕೆಟ್ಟೋಗಿದೆ ಅಕ್ಕ, ಮೊದ್ಲಿನ ಹಂಗಿಲ್ಲ" ಎಂದು ಮೊದಲೇ ಹೇಳಿದೆ.

"ಎಂತ ಕೆಟ್ಟಿರದು? ಹಾಡಕ್ಕೆ ಮುಂಚೆ ಉಸಿರು ಎಳ್ಕಂಡ್ಳು ನೋಡು. ತಾಳ ಹಾಕ್ದಾಗ ಬಳೆ ಸದ್ದೂ ಕೇಳ್ತದೆ."

ಬಳೆಯೇ? ಅವಳನ್ನು ಎಬ್ಬಿಸಿ ನಾನು ಕೂತೆ. ರೆಕಾರ್ಡನ್ನು ಮೊದಲಿನಿಂದ ಹಾಕಿದೆ. ಬಳೆ ಇಲ್ಲ, ಉಸಿರಿಲ್ಲ.

"ಈಗ ಬಂತಲ್ಲ! ನಿಂಗೆ ಕೇಳ್ಲಿಲ್ವಾ?" ಎಂದಳು. ಕುರ್ಚಿ ಬಿಟ್ಟು ಪಕ್ಕದಲ್ಲಿ ನಿಂತಿದ್ದವಳಿಗೂ ಕೇಳಿತ್ತು.

ಸ್ಪೀಕರಿಗೆ ಏನೂ ಆಗಿರಲಿಲ್ಲ. ಹೋಗಿದ್ದು ನನ್ನ ಕಿವಿ. ನನಗಿಂತ ದೊಡ್ಡವಳು, ಅವಳ ಕಿವಿ ಗಟ್ಟಿ! ಹೊಟ್ಟೆಯುರಿಯಿತು, ಅಳುವೂ ಬಂತು.

"ಏಳು, ಇನ್ನೊಂದ್ಸಲ ಹಾಕು" ಎಂದು ಅವಳು ಮತ್ತೆ ಕುರ್ಚಿಯಲ್ಲಿ ಕೂತಳು. ನಾನು ನೆಲದ ಮೇಲೆ ಕೂತು ಅವಳ ಮುಖವನ್ನೇ ನೋಡುತ್ತಿದ್ದೆ. ಹಾಡಿನ ನಡುವೆ ಒಂದು ಕಡೆ ಅವಳ ಕಣ್ಣು ತುಂಬಿತು.

"ಅಲ್ಲಿ ಎಂತ ಬಂತು ಅಕ್ಕ?" ಎಂದು ಕೇಳಿದೆ.

"ಸುಮ್ನಿರು ಮಾರಾಯ, ಕೇಳಕ್ಕೆ ಬಿಡು" ಎಂದಳು.