ಸವೆತಕ್ಕೆ ಬೇರೆ ನಮೂದಿಲ್ಲ

ನನ್ನ ಗಂಡನಿಗೆ ನೋಟು ಕೂಡಿಡುವ ಹುಚ್ಚು. ಖರ್ಚು ಮಾಡಲಿಕ್ಕಲ್ಲ, ನೋಡಲಿಕ್ಕೆ. ಕೊಂಢವಾ ಬಡಾವಣೆಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಕಪಾಟಿನ ಒಂದಿಡೀ ಖಾನೆ ಹಳೆಯ ಒಂದು ರೂಪಾಯಿ ನೋಟುಗಳದೇ. ಅವುಗಳ ಪಟ್ಟಿ ಬರೆಯುವ ಕೆಲಸ ಮದುವೆಯಾದ ವರ್ಷದಿಂದ ನನ್ನದು, ಏಕೆಂದರೆ ಅವರ ಅಕ್ಷರ ಅವರಿಗೇ ಓದಲು ಬರುತ್ತಿರಲಿಲ್ಲ. ಪ್ರತಿ ಪುಟದ ಕೆಳಗೆ ನನ್ನ ಸಹಿಯನ್ನೂ ಹಾಕಿಸುತ್ತಿದ್ದರು, ಸರಕಾರಿ ದಫ್ತರದಂತೆ.

ನಮ್ಮ ಜಗಳವೆಲ್ಲ ಒಂದೇ: ಯಾವುದು ಬೇರೆ ನೋಟು, ಯಾವುದು ಅದೇ ನೋಟು? ನೋಟಿನ ಮೇಲಿನ ಸಹಿ ಬದಲಾದರೆ ಬೇರೆ ನಮೂದು, ಅದಕ್ಕೆ ತಕರಾರಿಲ್ಲ. ನಂಬರಿನ ಹತ್ತಿರ ಸಾಸಿವೆಯಷ್ಟು ಸಣ್ಣ ಅಕ್ಷರ ಇರುತ್ತದಲ್ಲ, ಅದು ಬದಲಾದರೆ? ಬೇರೆಯೇ ಎಂದು ಅವರು. ಅಷ್ಟಕ್ಕೆ ಇನ್ನೊಂದು ಸಾಲು ಯಾಕೆ ದಂಡ ಎಂದು ನಾನು. ನಾನೋ ಮೊದಲೇ ಮುಂಗೋಪಿ. ಆ ಒಂದು ಅಕ್ಷರಕ್ಕಾಗಿ ಎಂಟು ದಿನ ಮಾತು ಬಿಟ್ಟಿದ್ದೆ. ಕೊನೆಗೆ ಅವರೇ ಗೆದ್ದು, ನಿಯಮಗಳನ್ನೆಲ್ಲ ಪಟ್ಟಿಯ ವಹಿಯ ಮೊದಲ ಪುಟದಲ್ಲಿ ನನ್ನಿಂದಲೇ ಬರೆಸಿದರು. ಕಡೆಯ ನಿಯಮ ಇದು: ಮಡಿಕೆ, ಕಲೆ, ಸವೆತ ನೋಟಿನ ವಯಸ್ಸಷ್ಟೇ, ಅವಕ್ಕೆ ಬೇರೆ ನಮೂದಿಲ್ಲ. ಪಟ್ಟಿಯಲ್ಲಿದ್ದಂಥದ್ದೇ ಇನ್ನೊಂದು ಬಂದರೆ ಅದು ಡುಪ್ಲಿಕೇಟ್. ಅದು ಬಿಸ್ಕಿಟ್ ಡಬ್ಬಿಗೆ ಬೀಳುತ್ತಿತ್ತು. ರವಿವಾರ ಸಂಗ್ರಾಹಕರು ಸೇರಿದಾಗ ಯಾರಿಗಾದರೂ ಕೊಟ್ಟುಬಿಡುತ್ತಿದ್ದರು.

ಹೋದ ದೀಪಾವಳಿಯ ನಂತರ ಅವರ ನೆನಪು ಕೈಕೊಡತೊಡಗಿತು. ಮೊದಲು ವಾರ ಮರೆತರು, ಆಮೇಲೆ ಊರು. ಅದನ್ನೆಲ್ಲ ಹೇಗೋ ಸಹಿಸಿದೆ. ಒಂದು ಮುಂಜಾನೆ ಚಹಾ ತಂದುಕೊಟ್ಟರೆ ಎದ್ದು ನಿಂತು ಕೈ ಮುಗಿದರು.

“ಬಾಯಾರ, ನೀವು ಯಾರ ಪೈಕಿ? ನಮ್ಮನಿಯಾಕಿ ಹೊರಗ ಹೋಗ್ಯಾಳ. ಈಗ ಬರ್ತಾಳ, ಕೂಡ್ರಿ.”

ನಲವತ್ತು ವರ್ಷ ‘ಏ, ಇಲ್ಲೆ ಬಾ’ ಎಂದ ಬಾಯಲ್ಲಿ, ಗುರುತಿಲ್ಲದ ಹೆಂಗಸಿಗೆ ಅನ್ನುವ ಹಾಗೆ, ಬಾಯಾರ ಅಂತೆ! ಅಯ್ಯ ಶಿವನೇ, ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ನಾನು ಅವರ ಹೆಂಡತಿಯ ಹಾಗೇ ಇದ್ದೇನಂತೆ, ಆದರೆ ಅವಳಲ್ಲವಂತೆ. ಪರರ ಮನೆಯ ಹೆಂಗಸಿನ ಕೈಯಲ್ಲಿ ಉಣ್ಣುವುದಿಲ್ಲ ಎಂದು ತಟ್ಟೆ ಸರಿಸಿದರು. ಎರಡು ದಿನ ಬರೀ ನೀರು. ವಾದ ಮಾಡಬೇಡಿ, ಆದರೆ ಹೇಗಾದರೂ ಹೊಟ್ಟೆಗೆ ಹೋಗಲಿ, ಇಲ್ಲದಿದ್ದರೆ ನಾಳೆ ದವಾಖಾನೆಗೆ ಸೇರಿಸಿ ಮೂಗಿನಿಂದ ನಳಿಕೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಮರಾಠಿಯಲ್ಲಿ ಹೇಳಿದರು. ವಾದ ಮಾಡದಿರಲು ನಾನೇನು ದೇವತೆಯೇ? ಬೈದೆ, ಅತ್ತೆ, ಮದುವೆಯ ಫೋಟೋ ತಂದು ಮುಖಕ್ಕೆ ಹಿಡಿದೆ.

“ಹೌದ್ರಿ, ಇಕೀನ ಅಕಿ,” ಎಂದು ಫೋಟೋ ಸವರಿದರು. “ನೀವಲ್ಲ.”

ಮೂರನೆಯ ದಿನ ಮಧ್ಯಾಹ್ನ ಬೇರೆ ದಾರಿಯೇ ಕಾಣದೆ ವಹಿ ತಂದು, ಮೊದಲ ಪುಟ ತೆರೆದು ಅವರ ತೊಡೆಯ ಮೇಲಿಟ್ಟೆ.

“ಓದ್ರಿ. ಸವೆತಕ್ಕ ಬ್ಯಾರೆ ನಮೂದು ಅದ ಏನು?”

“ಇಲ್ಲ.” ದನಿಯಲ್ಲಿ ಹಳೆಯ ಬಿಗಿಯೇ ಇತ್ತು.

“ಹಂಗಾದ್ರ ನನ್ನ ನೋಡ್ರಿ. ಕೂದ್ಲ ಬೆಳ್ಳಗಾಗ್ಯಾವ, ಮಾರಿ ಸುಕ್ಕಾಗೇದ. ಸವದೀನಿ, ಅಷ್ಟ. ಬ್ಯಾರೆ ಆಗೀನೇನು?”

ಭೂತಗನ್ನಡಿ ತೆಗೆದುಕೊಂಡರು. ನನ್ನ ಗದ್ದ ಹಿಡಿದು, ನೋಟು ತಿರುಗಿಸುವ ಹಾಗೆಯೇ ಮುಖವನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿದರು. ಹುಬ್ಬಿನ ಮೇಲಿನ ಗಾಯದ ಕಲೆ, ಕಿವಿಯ ಹಿಂದಿನ ಮಚ್ಚೆ, ಎಲ್ಲ ನೋಡಿದರು. ಪೆನ್ಸಿಲ್ ಕೊಟ್ಟು ಸಹಿ ಮಾಡಿಸಿದರು, ವಹಿಯ ಸಹಿಯೊಂದಿಗೆ ತಾಳೆ ನೋಡಿದರು.

“ಏನೂ ಫರಕ್ ಇಲ್ಲ,” ಎಂದರು.

ಗೆದ್ದೆ ಎಂದುಕೊಂಡೆ. ಹಾಲಿನಲ್ಲಿ ನೆನೆಸಿದ ರೊಟ್ಟಿಯ ತುತ್ತು ಬಾಯಿಯವರೆಗೆ ಒಯ್ದೆ. ಮೆಲ್ಲಗೆ ನನ್ನ ಕೈ ತಡೆದರು.

“ಬ್ಯಾಸರ ಮಾಡ್ಕೋಬ್ಯಾಡ್ರಿ ಬಾಯಾರ. ಫರಕ್ ಇಲ್ಲ ಅಂದ್ರ ಡುಪ್ಲಿಕೇಟ್. ನಮ್ಮ ಕಡೆ ಒಂದು ಮೊದಲಿಂದನ ಅದ.”

ತುತ್ತನ್ನು ತಟ್ಟೆಗೆ ಒಗೆದು, ಚಪ್ಪಲಿ ಮೆಟ್ಟಿ, ಬಾಗಿಲು ಎಳೆದುಕೊಂಡು ಹೊರಬಿದ್ದೆ. ಮೆಟ್ಟಿಲ ಮೇಲೆ ಕುಳಿತು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಸುಡುಗಾಡು ಈ ಜನ್ಮ ಎನ್ನಿಸಿತು. ನಾನೇ ತೆರೆದು ತೋರಿಸಿದ ನಿಯಮ, ನನ್ನದೇ ಕೈಬರಹ, ಯಾರನ್ನು ಬೈಯಲಿ? ಆಮೇಲೆ ಅವರೊಬ್ಬರೇ ಇದ್ದಾರೆಂಬ ಭಯ ಹತ್ತಿತು. ಎದ್ದು ಬಾಗಿಲು ತಳ್ಳಿದರೆ ಅದು ತಾನಾಗಿ ಲಾಕ್ ಆಗಿತ್ತು, ಕೀಲಿ ಒಳಗೇ. ಗಂಟೆ ಒತ್ತಿದೆ, ಮತ್ತೆ ಮತ್ತೆ ಒತ್ತಿದೆ.

ಕಡೆಗೂ ಬಾಗಿಲು ತೆರೆಯಿತು.

“ಎಲ್ಲಿ ಹಾಳಾಗಿ ಹೋಗಿದ್ದಿ? ಇಲ್ಲೆ ಹಸ್ತು ಸಾಯಾಕತ್ತೀನಿ!”

ನನ್ನ ಗಂಡ, ನನಗೇ ಬೈಯುತ್ತಿದ್ದರು. ಅದೇ ತಟ್ಟೆ ಎತ್ತಿಕೊಂಡೆ. ಇಡೀ ರೊಟ್ಟಿ ತಿಂದರು. ತಿನ್ನುತ್ತಲೇ ಅಡಿಗೆಮನೆಯ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು.

“ಒಳಗ ನಿನ್ನಂಥಾಕಿ ಒಬ್ಬಾಕಿ ಅದಾಳ. ಪಾಪ, ಭಾಳ ಅಳ್ತಾಳ. ಯಾರಿಗರ ಕೊಟ್ಟುಬಿಡೂಣು. ನೀ ನಮೂದು ಮಾಡಬ್ಯಾಡ.”

“ಮಾಡೂದಿಲ್ರಿ,” ಎಂದು ಇನ್ನೊಂದು ತುತ್ತು ಕೊಟ್ಟೆ.